ಶೇಖಮ್ಮನ ಹಣೆಯೂ ಸುಕ್ಕಿನ ಸೂಜಿಯೂ

ಮಸ್ಕಿಯ ಶೇಖಮ್ಮನ ಹೆಸರು ಕೇಳದ ನಾಟಕದ ಊರು ನಮ್ಮ ಕಡೆ ಇಲ್ಲ. ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಯಾವ ಹಳ್ಳಿಯ ಹುಡುಗರು ನಾಟಕ ಕಟ್ಟಿದರೂ ಹೆಣ್ಣು ಪಾತ್ರಕ್ಕೆ ಮೊದಲು ಅವಳ ಮನೆಗೇ ಬರುತ್ತಿದ್ದರು. ಎಲೆ ಅಡಿಕೆ ಕೈಗಿಟ್ಟು, "ಯಕ್ಕಾ, ನಾಯಕಿ ಪಾತ್ರ ನಿಮ್ದ" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಮಾತು ಎರಡು ಸಲ ಕಿವಿಗೆ ಬಿದ್ದರೆ ಸಾಕು, ಅವಳಿಗೆ ಬಾಯಿಪಾಠ. ಅಳುವ ದೃಶ್ಯದಲ್ಲಿ ಅವಳು ಅಳುತ್ತಲೇ ಇರಲಿಲ್ಲ. ಸುಮ್ಮನೆ ಹಣೆ ಮೇಲೆತ್ತಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಎದುರು ಕೂತ ಗಂಡಸರು ಟವೆಲ್ ಹುಡುಕುತ್ತಿದ್ದರು.

ಈ ವರ್ಷ ಗೊರೇಬಾಳದಿಂದ ಹನುಮಂತರಾಯ ಬಂದ. ಅವನು ಹಾರ್ಮೋನಿಯಂ ಪೇಟಿ ಬಾರಿಸಿಕೊಂಡು ನಾಟಕ ಕಲಿಸುವ ಮಾಸ್ತರ. ಚಹಾ ಕುಡಿದ, ಭತ್ತದ ಮಾತಾಡಿದ, ಕಾಲುವೆ ನೀರಿನ ಮಾತಾಡಿದ. ಹೇಳಬೇಕಾದ ಮಾತನ್ನು ಮಾತ್ರ ಬಾಗಿಲಿಗೆ ಹೋಗಿ ನಿಂತು ಹೇಳಿದ.

"ಈ ಸಲ ತಾಯಿ ಪಾತ್ರ ನೀವು ಮಾಡ್ರಿ ಶೇಖಮ್ಮ. ನಾಯಕಿಗೆ ರೇಣುಕಾದೇವಿನ ಕೇಳೀವಿ."

"ಆತು ಮಾಸ್ತರ" ಎಂದಳು ಶೇಖಮ್ಮ. ದನಿ ನಡುಗಲಿಲ್ಲ. ಎಷ್ಟೆಂದರೂ ಪಾತ್ರ ಮಾಡಿ ಬಲ್ಲವಳು.

ಅವನು ಹೋದ ಮೇಲೆ ಕನ್ನಡಿ ತೆಗೆದಳು. ಹುಬ್ಬಿನ ನಡುವೆ ಎರಡು ಉದ್ದ ಗೆರೆ, ಹಣೆಯ ಮೇಲೆ ಮೂರು ಅಡ್ಡ ಗೆರೆ. ನಲವತ್ತಾರು ವರ್ಷಕ್ಕೆ ಐದು ಗೆರೆ ಹೆಚ್ಚೇನಲ್ಲ ಎಂದು ನಾನು ಹೇಳಬಹುದು, ನೀವೂ ಹೇಳಬಹುದು. ಮುಖವನ್ನೇ ನಂಬಿ ಅನ್ನ ತಿನ್ನುವವಳಿಗೆ ಆ ಮಾತು ಹೇಗೆ ಸಮಾಧಾನ ಕೊಡಬೇಕು? ಈ ವರ್ಷ ತಾಯಿ ಪಾತ್ರ, ಬರುವ ವರ್ಷ ಮುದುಕಿ ಪಾತ್ರ, ಅದರ ಮುಂದಿನ ವರ್ಷ ಯಾರೂ ಬಾಗಿಲಿಗೆ ಬರುವುದಿಲ್ಲ. ಶೇಖಮ್ಮನಿಗೆ ಹೆದರಿಕೆಯಾಯಿತು.

ಆ ಹೆದರಿಕೆಯನ್ನು ಅವಳು ಒಬ್ಬನ ಮುಂದೆ ಮಾತ್ರ ಹೇಳಿಕೊಂಡಳು. ಅವನು ಲಿಂಗಸುಗೂರಿನ ದುರುಗೇಶ, ನಾಟಕಕ್ಕೆ ಬಣ್ಣ ಹಚ್ಚುವವನು. ಇಪ್ಪತ್ತು ವರ್ಷದಿಂದ ಶೇಖಮ್ಮನ ಮುಖಕ್ಕೆ ಅವನದೇ ಕೈ. ಎಡ ಹುಬ್ಬು ಬಲ ಹುಬ್ಬಿಗಿಂತ ಕೂದಲೆಳೆಯಷ್ಟು ಕೆಳಗಿದೆ ಎಂಬುದು ಅವಳ ಹೆತ್ತ ತಾಯಿಗೂ ಗೊತ್ತಿರಲಿಲ್ಲ, ದುರುಗೇಶನಿಗೆ ಗೊತ್ತಿತ್ತು. ಒಳ್ಳೆಯ ಮನುಷ್ಯ. ಅವನು ಫೋನಿನಲ್ಲಿ ಹೇಳಿದ: "ಶೇಖಕ್ಕ, ಚಿಂತಿ ಬಿಡು. ಸುಕ್ಕಿನ ಸೂಜಿ ಅಂತ ಬಂದೈತಿ, ಚುಚ್ಚಿದ್ರ ಗೆರಿ ಹೋಗತಾವ. ಹೈದರಾಬಾದಿಗೆ ಹೋಗಿ ಎರಡು ದಿನ ಕಲಿತು ಬಂದೀನಿ. ಒಂದು ಸೀಸೆ ತಂದೀನಿ. ಒಡದ್ರ ಅವತ್ತ ಮುಗಿಸಬೇಕು. ನೀವು ನಾಟಕದ ಹೆಣ್ಮಕ್ಕಳು ನಾಕು ಮಂದಿ ಪಾಲು ಹಾಕ್ಕೋರಿ. ಬೇಸ್ತವಾರ ಬರ್ರಿ."

ಪಾಲು ಎನ್ನುವುದು ನಾಟಕದವರಿಗೆ ಹೊಸದಲ್ಲ. ಊರಿಗೆ ಹೋಗುವ ಗಾಡಿ ಪಾಲು, ಊಟದ ಬುತ್ತಿ ಪಾಲು, ಜರಿ ಸೀರೆ ಪಾಲು, ಬಣ್ಣದ ಪೆಟ್ಟಿಗೆಯಂತೂ ಎಲ್ಲರಿಗೂ ಒಂದೇ. ಒಬ್ಬಳ ತುಟಿಗೆ ತಾಗಿದ ಕುಂಚ ಇನ್ನೊಬ್ಬಳ ತುಟಿಗೂ ತಾಗುತ್ತದೆ, ಯಾರೂ ಮುಖ ಸಿಂಡರಿಸುವುದಿಲ್ಲ. ಹಂಚಿಕೊಂಡು ಬದುಕಿದ ಜನ ಅವರು. ಹಾಗಾಗಿ ಸೀಸೆಗೂ ಪಾಲು ಎಂದಾಗ ಶೇಖಮ್ಮನಿಗೆ ಏನೂ ಅನ್ನಿಸಲಿಲ್ಲ. ರೇಣುಕಾದೇವಿಗೂ ತಾನೇ ಫೋನ್ ಮಾಡಿ ಹೇಳಿದಳು. ತನ್ನ ನಾಯಕಿ ಪಾತ್ರ ಹೋದದ್ದು ಅವಳಿಗೇ ಆದರೂ ಶೇಖಮ್ಮನ ಹೊಟ್ಟೆಯಲ್ಲಿ ಕಿಚ್ಚಿರಲಿಲ್ಲ. ಅದು ದೊಡ್ಡ ಗುಣ, ನನಗಂತೂ ಇಲ್ಲ.

ಪಕ್ಕದ ಮನೆಯ ಯಶೋಧರಾ ಸಿಂಧನೂರಿನ ಚರ್ಮದ ಆಸ್ಪತ್ರೆಯೊಂದರಲ್ಲಿ ನರ್ಸ್. ದಿನವೂ ಬಸ್ಸಿನಲ್ಲಿ ಹೋಗಿ ಬರುವವಳು. ಮಂಗಳವಾರ ಸಂಜೆ ಮೊಸರಿಗೆ ಹೆಪ್ಪು ಕೇಳಲು ಬಂದಳು. ಶೇಖಮ್ಮ ಸಂಭ್ರಮದಿಂದ ಸೂಜಿಯ ಸುದ್ದಿ ಹೇಳಿದಳು. ಯಶೋಧರಾ ಬಟ್ಟಲು ಕೆಳಗಿಟ್ಟು ಕಟ್ಟೆಯ ಮೇಲೆ ಕೂತಳು.

"ಅತ್ತೀ, ಹಾಕೋರು ಯಾರು?"

"ದುರುಗೇಶ."

"ಅಂವ ಡಾಕ್ಟರಾ?"

"ಅಲ್ಲಬೇ ಯಶೋಧಾ, ಡಾಕ್ಟರ್ ಯಾಕ ಬೇಕು? ಇಪ್ಪತ್ತು ವರ್ಷದಿಂದ ನನ್ನ ಮಾರಿ ಅವನ ಕೈಯಾಗೈತಿ. ನನಗಿಂತ ಚಂದಾಗಿ ನನ್ನ ಮಾರಿ ಅವಗ ಗೊತ್ತು. ಸೂಜಿ ಅಂದ್ರ ಸೂಜಿ. ಜ್ವರ ಬಂದ್ರ ಚುಚ್ಚಸ್ಕೊಳ್ಳಂಗಿಲ್ಲೇನು?"

"ಮಾರಿ ಮ್ಯಾಲಿಂದು ಅವಗ ಗೊತ್ತೈತಿ. ಒಳಗ ಯಾವ ನರ ಎಲ್ಲಿ ಹೋಗೈತಿ, ಯಾವ ಸ್ನಾಯು ಕಣ್ಣಿನ ರೆಪ್ಪಿ ಎತ್ತತೈತಿ, ಅದು ಗೊತ್ತೈತೇನು? ಅರ್ಧ ಬೆರಳು ಆಚೀಚಿ ಆದ್ರ ರೆಪ್ಪಿ ಜೋತು ಬೀಳತೈತಿ ಅತ್ತಿ. ವಾರಗಟ್ಲೆ ಕಣ್ಣು ಪೂರ್ತಿ ತೆರಿಯಾಕ ಬರಂಗಿಲ್ಲ."

ಶೇಖಮ್ಮ ಮುಖ ಬಿಗಿದುಕೊಂಡು, "ನೀವು ಆಸ್ಪತ್ರಿ ಮಂದಿ ಎಲ್ಲಾದಕ್ಕೂ ಬ್ಯಾಡ ಬ್ಯಾಡ ಅಂತೀರಿ. ಈ ವಯಸ್ಸಿಗೆ ಆಕಿಗ್ಯಾಕ ಚಂದ ಅಂತ ನಿನಗೂ ಅನಿಸಿರಬೇಕು" ಎಂದಳು.

"ನಾ ಬ್ಯಾಡ ಅಂದ್ನೇನು?" ಎಂದಳು ಯಶೋಧರಾ. ಅವಳ ದನಿ ಏರಲಿಲ್ಲ. "ಚಂದ ಕಾಣಬೇಕು ಅನ್ನೋದು ತಪ್ಪಲ್ಲ. ನಿನ್ನ ಮಾರಿ, ನಿನ್ನ ಮರ್ಜಿ. ನಮ್ಮ ಆಸ್ಪತ್ರಿ ಅಂಜುಮ್ ಡಾಕ್ಟರಮ್ಮ ಇದನ್ನ ಹಾಕ್ತಾರ, ಹಾಕಿಸ್ಕೊಂಡೋರು ನಕ್ಕೋಂತ ಹೋಗ್ತಾರ. ಯಾರ ಕೈಲಿ, ಯಾವ ಸೀಸೆಯಿಂದ ಅನ್ನೋದಷ್ಟ ಕೇಳಾಕತ್ತೀನಿ. ಗಾಡಿ ಪಾಲು ಹಾಕ್ಕೋರಿ, ಬುತ್ತಿ ಪಾಲು ಹಾಕ್ಕೋರಿ. ಸೀಸೆ ಪಾಲು ಬ್ಯಾಡ. ಒಬ್ಬಾಕಿಗೆ ಚುಚ್ಚಿದ ಸೂಜಿ ತಿರುಗಿ ಸೀಸ್ಯಾಗ ಹೋತಂದ್ರ ಆಕಿ ರಕ್ತದಾಗಿನ ರೋಗ ಉಳಿದ ಮೂವರಿಗೂ ಅಂಟತೈತಿ. ಕಣ್ಣು ಹಳದಿ ಆಗೋ ಕಾಮಣಿ ಅಂಟಬಹುದು, ಎಚ್‌ಐವಿ ಅಂಟಬಹುದು. ಮೂಗಿಗಿಂತ ಮೂಗುತಿ ಭಾರ ಆಗಬಾರದು ನೋಡು."

ಶೇಖಮ್ಮ ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು.

"ದುರುಗೇಶಗ ನಾ ಬರಂಗಿಲ್ಲ ಅಂತ ಹೆಂಗ ಹೇಳ್ಲಿ? ಅವಗ ಮನಸಿಗೆ ಹತ್ತತೈತಿ."

"ಬರಂಗಿಲ್ಲ ಅಂತ ಹೇಳಬ್ಯಾಡ. ಅವನ್ನ ನಾಕು ಮಾತು ಕೇಳು. ಸೂಜಿ ಹಾಕೋರು ಓದಿದ ಡಾಕ್ಟರ್ ಏನು, ಅವರ ನೋಂದಣಿ ನಂಬರ್ ಎಲ್ಲೈತಿ? ಸೀಸೆ ಮ್ಯಾಲ ಔಷಧದ ಹೆಸರು, ತಾರೀಖು, ಬ್ಯಾಚ್ ನಂಬರ್ ಅದಾವೇನು, ಇಷ್ಟು ದಿನ ಅದನ್ನ ಫ್ರಿಜ್ಜಿನಾಗ ಇಟ್ಟಿದ್ರೇನು? ಸೂಜಿ ಹೊಸಾದೇನು, ಸೀಸೆ ನನ್ನೊಬ್ಬಾಕಿಗೇನು, ನನ್ನ ಕಣ್ಣೆದುರು ಒಡೀತೀರೇನು? ಹೆಚ್ಚು ಕಮ್ಮಿ ಆದ್ರ ಇಲ್ಲಿ ಏನೈತಿ, ಯಾರಿಗೆ ಫೋನ್ ಮಾಡಬೇಕು? ಇಷ್ಟ."

"ಇನ್ನೊಂದು ಸಲ ಹೇಳು" ಎಂದಳು ಶೇಖಮ್ಮ. ಯಶೋಧರಾ ಹೇಳಿದಳು. ಎರಡು ಸಲ ಕಿವಿಗೆ ಬಿದ್ದಿತಲ್ಲ, ಬಾಯಿಪಾಠವಾಯಿತು. ಯಶೋಧರಾ ಹೆಪ್ಪು ಮರೆತು ಮನೆಗೆ ಹೋದಳು.

ಬೇಸ್ತವಾರ ಶೇಖಮ್ಮ ಲಿಂಗಸುಗೂರಿಗೆ ಹೋದಾಗ ರೇಣುಕಾದೇವಿ ಆಗಲೇ ಬಂದು ಕೂತಿದ್ದಳು. ಮಡಿಲಲ್ಲಿ ಐದು ತಿಂಗಳ ಹೆಣ್ಣು ಕೂಸು. ಉಳಿದ ಇಬ್ಬರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ದುರುಗೇಶ ಕನ್ನಡಿಯ ಮುಂದೆ ಹೊಸ ಟವೆಲ್ ಹಾಸಿದ್ದ, ಊದುಬತ್ತಿ ಹಚ್ಚಿದ್ದ. ಪಾಪ, ಅವನಿಗೆ ತಿಳಿದ ಶುದ್ಧ ಅದು. ಪಕ್ಕದಲ್ಲಿ ಅದೇ ಹಳೆಯ ಬಣ್ಣದ ಪೆಟ್ಟಿಗೆ, ಬಣ್ಣ ಒರೆಸುವ ಕೊಬ್ಬರಿ ಎಣ್ಣೆ, ಮೀಸೆ ಅಂಟಿಸುವ ಗೋಂದು.

"ಮೊದಲು ನನಗ ಹಾಕಿಬಿಡು ಅಣ್ಣ, ಕೂಸು ಏಳೋದರಾಗ" ಎಂದು ರೇಣುಕಾದೇವಿ ಕೂಸನ್ನು ಶೇಖಮ್ಮನ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತಳು. ದುರುಗೇಶ ಸಿರಿಂಜು ಕೈಗೆತ್ತಿಕೊಂಡ.

ಶೇಖಮ್ಮನ ತೋಳಲ್ಲಿ ಕೂಸು ಬೆಚ್ಚಗೆ ಮಲಗಿತ್ತು. ಕೇಳಲೋ ಬೇಡವೋ ಎಂದು ಅವಳ ಮನಸ್ಸು ಹೊಯ್ದಾಡಿತು. ಕೇಳಿದರೆ ಇಪ್ಪತ್ತು ವರ್ಷದಿಂದ ತಮ್ಮನಂತಿದ್ದವನಿಗೆ ಅವಮಾನ. ಕೇಳದಿದ್ದರೆ ಈ ಕೂಸಿನ ತಾಯಿಯ ಕಣ್ಣಿಗೆ ಏನಾದರೂ ಆದರೆ, ಫೋನ್ ಮಾಡಿ ಕರೆಸಿದವಳು ತಾನೇ. ಅವಳು ಕೇಳಿದಳು. ರಂಗದ ಮೇಲೆ ಕೊನೆಯ ಸಾಲಿನ ಕಿವಿಗೂ ಮುಟ್ಟುವ ಆ ದನಿಯಲ್ಲಿ, ಒಂದಕ್ಷರ ಬಿಡದೆ ಕೇಳಿದಳು.

ಮೊದಲನೆಯ ಮಾತಿಗೆ ದುರುಗೇಶ ನಕ್ಕ. ಎರಡನೆಯದಕ್ಕೆ ಸೀಸೆ ತಿರುಗಿಸಿ ನೋಡಿದ. ಮೇಲಿನ ಚೀಟಿ ಯಾವ ಲಿಪಿಯಲ್ಲಿತ್ತೋ, ಅವನಿಗೂ ಓದಲು ಬರಲಿಲ್ಲ. ತಾರೀಖಿನ ಜಾಗ ಉಜ್ಜಿ ಹೋಗಿತ್ತು. "ಎಲ್ಲಿಟ್ಟಿದ್ದಿ ತಮ್ಮ ಇದನ್ನ?" ಎಂದದ್ದಕ್ಕೆ, "ಸೋಡಾ ಅಂಗಡಿ ಐಸ್ ಡಬ್ಬ್ಯಾಗ. ಹೈದರಾಬಾದಿಂದ ಬರೋವಾಗ ಬಸ್ಸಿನಾಗ ಚೀಲದಾಗಿತ್ತು" ಎಂದ. ಮೂರನೆಯದಕ್ಕೆ, ಸೀಸೆ ನಾಲ್ವರಿಗೂ ಒಂದೇ ಎಂದು ಒಪ್ಪಿಕೊಂಡ. ನಾಲ್ಕನೆಯದಕ್ಕೆ ಕೋಣೆಯ ಸುತ್ತ ಕಣ್ಣಾಡಿಸಿದ. ಕೊಬ್ಬರಿ ಎಣ್ಣೆ ಬಿಟ್ಟರೆ ಅಲ್ಲಿ ಬೇರೆ ಮದ್ದಿರಲಿಲ್ಲ.

ಸಿರಿಂಜನ್ನು ಟವೆಲಿನ ಮೇಲಿಟ್ಟು ದುರುಗೇಶ ನೆಲದ ಮೇಲೆ ಕುಕ್ಕರಿಸಿದ.

"ಖರೇ ಹೇಳ್ಲೇನಕ್ಕ? ಮೂರು ದಿನದಿಂದ ಊಟ ಸೇರವಲ್ದು. ಕುಂಚ ಹಿಡಿದ್ರ ನನ್ನ ಕೈ ಒಂದು ದಿನಾನೂ ನಡಗಿಲ್ಲ. ಇದನ್ನ ಹಿಡಿದ್ರ ನಡಗಾಕತ್ತೈತಿ. ನನ್ನ ಕೆಲಸ ಚರ್ಮದ ಮ್ಯಾಲಿಂದು. ಚರ್ಮದ ಒಳಗ ಹೋಗೋದು ನನಗ ಬರಂಗಿಲ್ಲ."

ಈ ಮಾತು ಹೇಳಲು ಎಷ್ಟು ಧೈರ್ಯ ಬೇಕು ನೋಡಿ. ಬರುತ್ತದೆ ಎನ್ನುವವರು ಊರ ತುಂಬ ಸಿಗುತ್ತಾರೆ. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳುವವನನ್ನು ನಾನು ಮನಸಾರೆ ಮೆಚ್ಚುತ್ತೇನೆ. ಶೇಖಮ್ಮನೂ ಮೆಚ್ಚಿದಳು. "ಏಳು ತಮ್ಮ, ಚಹಾ ಕಾಸು" ಎಂದಳು. ಮಧ್ಯಾಹ್ನ ಬರುವವರಿಗೆ ಬರಬೇಡಿರೆಂದು ಫೋನ್ ಹೋಯಿತು. ಸೀಸೆಯನ್ನು ಕಸದ ಬುಟ್ಟಿಗೆ ಹಾಕದೆ ಡಬ್ಬಿಯಲ್ಲಿ ಭದ್ರ ಮಾಡಿ ಯಶೋಧರಾಳ ಕೈಗೆ ಮುಟ್ಟಿಸಿದರು. ಅದು ಆಸ್ಪತ್ರೆಗೆ ಹೋಯಿತು, ಅಲ್ಲಿಂದ ಔಷಧ ತಪಾಸಣೆಯವರಿಗೆ ಹೋಯಿತು.

ಮುಂದಿನ ಸೋಮವಾರ ಮೂವರೂ ಸಿಂಧನೂರಿನ ಬಸ್ಸು ಹತ್ತಿದರು. ದುರುಗೇಶ ತಾನಾಗಿಯೇ ಹೊರಟ, ನೋಡಿ ತಿಳಿದುಕೊಳ್ಳುತ್ತೇನೆ ಎಂದು. ಅಂಜುಮ್ ಡಾಕ್ಟರರ ಕೋಣೆಯ ಗೋಡೆಗೆ ಅವರ ಓದಿನ ಪತ್ರ, ನೋಂದಣಿ ನಂಬರ್ ತೂಗು ಹಾಕಿದ್ದರು. ಶೇಖಮ್ಮ ಬೆರಳಿಟ್ಟು ಓದಿದಳು. ಡಾಕ್ಟರರು ಬೇಸರ ಮಾಡಿಕೊಳ್ಳಲಿಲ್ಲ, "ಓದ್ರಿ, ಅದಕ್ಕ ಹಾಕೀನಿ" ಎಂದರು.

ಮೊದಲು ರೇಣುಕಾದೇವಿಯನ್ನು ಕೇಳಿದರು. ಯಾವ ಗುಳಿಗೆ ನುಂಗುತ್ತಿ, ಯಾವ ಔಷಧ ಮೈಗೆ ಒಗ್ಗುವುದಿಲ್ಲ, ನರದ ತೊಂದರೆ ಇದೆಯೇ, ರಕ್ತ ತೆಳು ಮಾಡುವ ಔಷಧ ಇದೆಯೇ, ಹೊಟ್ಟೆಯಲ್ಲಿ ಕೂಸಿದೆಯೇ. ಕೊನೆಗೆ, "ಮಗೂಗ ಹಾಲು ಕುಡಸಾಕತ್ತೀ ಏನವ್ವ?" ಎಂದರು.

"ಹೌದ್ರಿ."

"ಹಂಗಾರ ಈಗ ಬ್ಯಾಡ. ಹಾಲು ಕುಡಿಯೋ ಕೂಸಿಗೆ ಏನೂ ಆಗಂಗಿಲ್ಲ ಅಂತ ಭರೋಸಾ ಕೊಡಾಕ ನನಗೂ ಆಗಂಗಿಲ್ಲ. ಹಾಲು ಬಿಡಿಸಿದ ಮ್ಯಾಲ ಬೇಕನಿಸಿದ್ರ ಬಾ."

ರೇಣುಕಾದೇವಿ ಕೂಸನ್ನು ಎದೆಗೆ ಒತ್ತಿಕೊಂಡಳು. ಬೇಸ್ತವಾರ ಈ ಒಂದು ಮಾತನ್ನು ಯಾರೂ ಅವಳನ್ನು ಕೇಳಿರಲಿಲ್ಲ. ದುರುಗೇಶನ ಮುಖ ಬಿಳಿಚಿಕೊಂಡಿತು.

ಶೇಖಮ್ಮನ ಸರದಿ ಬಂದಿತು. ಅದೇ ಪ್ರಶ್ನೆಗಳಾದವು. ಆಮೇಲೆ ಡಾಕ್ಟರರು, "ಸಿಟ್ಟು ಮಾಡ್ರಿ, ಯಾವ ಸ್ನಾಯು ಎಷ್ಟು ಎಳೀತೈತಿ ನೋಡಬೇಕು" ಎಂದರು. ಶೇಖಮ್ಮ ಸಿಟ್ಟಾದಳು. ಯಶೋಧರಾ ಒಂದು ಹೆಜ್ಜೆ ಹಿಂದೆ ಸರಿದಳು. "ನಗ್ರಿ" ಎಂದರು. ನಕ್ಕಳು, ಕೂಸೂ ನಕ್ಕಿತು. "ಈಗ ಹಣಿ ಮ್ಯಾಲ ಎತ್ತರಿ" ಎಂದರು. ಶೇಖಮ್ಮನಿಗೆ ಬರೀ ಹಣೆ ಎತ್ತಿ ಗೊತ್ತಿಲ್ಲ. ಅವಳು ತನ್ನ ಅಳುವ ದೃಶ್ಯದಲ್ಲಿ ಎತ್ತುವಂತೆ ಎತ್ತಿ ನಿಂತಳು. ಡಾಕ್ಟರರು ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿದರು.

"ನಾ ಇರೋ ಸಂಗತಿ ಹೇಳ್ತೀನಿ" ಎಂದರು. "ಈ ಔಷಧ ಗೆರಿ ಎಳೆಯೋ ಸ್ನಾಯುನ ಸಡ್ಲು ಮಾಡತೈತಿ. ಮೂರ್ನಾಕು ತಿಂಗಳು ಇರತೈತಿ, ಆಮ್ಯಾಲ ಮೊದಲಿನಂಗ. ಹಣಿಗೆ ಹಾಕಿದ್ರ ಅಡ್ಡ ಗೆರಿ ಕಮ್ಮಿ ಆಗತಾವ. ಆದ್ರ ಈಗ ನೀವು ಮಾಡಿದ್ರಲ್ಲ, ಅದು ಅಷ್ಟು ದಿನ ಹಿಂಗ ಬರಲಿಕ್ಕಿಲ್ಲ. ಹುಬ್ಬಿನ ನಡುವಷ್ಟ ಸ್ವಲ್ಪ ಹಾಕಬಹುದು. ಅಲ್ಲಿ ಹಾಕಿದ್ರೂ ಅಪರೂಪಕ್ಕ ರೆಪ್ಪಿ ಸ್ವಲ್ಪ ಜೋತು ಬೀಳಬಹುದು, ವಾರಗಳ ಮ್ಯಾಲ ಸರಿ ಆಗತೈತಿ. ಅದಕ್ಕ ಎಲ್ಲೆಲ್ಲಿ ಅಂತ ಅಳತಿ ಮಾಡಿ ಹಾಕ್ತೀನಿ. ಏನೂ ಹಾಕಸ್ಲಿಲ್ಲ ಅಂದ್ರೂ ಚಂದ. ಇವತ್ತ ಹೇಳಬ್ಯಾಡ್ರಿ. ಮನಿಗೆ ಹೋಗಿ ವಿಚಾರ ಮಾಡಿ ಬರ್ರಿ."

ಗಿರಾಕಿ ಕೈಗೆ ಸಿಕ್ಕಾಗ ಮನೆಗೆ ಹೋಗಿ ವಿಚಾರ ಮಾಡಿ ಎನ್ನುವವರನ್ನು ಶೇಖಮ್ಮ ಮೊದಲ ಸಲ ನೋಡಿದ್ದಳು. ನಾಲ್ಕು ದಿನ ಕನ್ನಡಿ ಮುಂದೆ ವಿಚಾರ ಮಾಡಿ ಮತ್ತೆ ಬಂದಳು.

"ಹುಬ್ಬಿನ ನಡುವಿನ ಗಂಟು ಸಡ್ಲು ಮಾಡ್ರಿ. ಹಣಿ ಮಾತ್ರ ಮುಟ್ಟಬ್ಯಾಡ್ರಿ ಅಮ್ಮಾ. ಹಣಿ ನನ್ನ ಅನ್ನ."

ಒಪ್ಪಿಗೆ ಪತ್ರವನ್ನು ಯಶೋಧರಾ ಕನ್ನಡದಲ್ಲಿ ಓದಿ ಹೇಳಿದಳು, ಆಮೇಲೆ ಶೇಖಮ್ಮ ಸಹಿ ಹಾಕಿದಳು. ಮುಖ ತೊಳೆಸಿದರು. ಫ್ರಿಜ್ಜಿನಿಂದ ಸೀಸೆ ತೆಗೆದು ಹೆಸರು, ತಾರೀಖು ಅವಳ ಕೈಲೇ ಓದಿಸಿದರು. ಕಣ್ಣೆದುರೇ ಒಡೆದರು, ಹೊಸ ಸೂಜಿಯ ಪೊಟ್ಟಣ ಹರಿದರು. ಚುಚ್ಚುವ ಜಾಗಕ್ಕೆ ಮಂಜುಗಡ್ಡೆ ಇಟ್ಟು ಮರಗಟ್ಟಿಸಿದರು. "ನೋವಾದ್ರ ಕೈ ಎತ್ತರಿ, ಅಲ್ಲೇ ನಿಲ್ಲಸ್ತೀನಿ" ಎಂದರು ಡಾಕ್ಟರರು. ಶೇಖಮ್ಮ ಯಶೋಧರಾಳ ಕೈ ಗಟ್ಟಿಯಾಗಿ ಹಿಡಿದಳು. ಇರುವೆ ಕಚ್ಚಿದಂತೆ ಐದು ಸಲ ಆಯಿತು. ಆರನೆಯದಕ್ಕೆ ಕಾಯುತ್ತಿದ್ದಾಗ, "ಮುಗೀತು ಅತ್ತಿ, ನನ್ನ ಕೈ ಬಿಡು" ಎಂದಳು ಯಶೋಧರಾ.

ನಾಲ್ಕು ತಾಸು ಮಲಗಬೇಡ, ಆ ಜಾಗ ಉಜ್ಜಬೇಡ, ಇವತ್ತು ಬಣ್ಣ ಹಚ್ಚಬೇಡ ಎಂದು ಹೇಳಿ ಕಳಿಸಿದರು. ಸ್ವಲ್ಪ ತಲೆನೋವು, ಸಣ್ಣ ಕಪ್ಪು ಕಲೆ ಆಗಬಹುದು, ತಾನೇ ಹೋಗುತ್ತದೆ. ನುಂಗಲು, ಉಸಿರಾಡಲು, ಮಾತಾಡಲು ಕಷ್ಟವಾದರೆ, ಕಣ್ಣು ಮಂಜಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಓಡಬೇಕು. ಸೀಸೆಯ ಬ್ಯಾಚ್ ನಂಬರಿನ ಚೀಟಿ, ಡಾಕ್ಟರರ ಫೋನ್ ನಂಬರ್ ಎರಡನ್ನೂ ಅವಳ ಆಸ್ಪತ್ರೆ ಕಾರ್ಡಿಗೆ ಅಂಟಿಸಿದರು. ಆ ಕಾರ್ಡನ್ನು ಶೇಖಮ್ಮ ಆಧಾರ್ ಕಾರ್ಡಿನ ಜೊತೆ ಇಟ್ಟಿದ್ದಾಳೆ.

ಹದಿನೈದು ದಿನ ಕಳೆಯಿತು. ಗೊರೇಬಾಳದ ಶಾಲೆಯ ಪಡಸಾಲೆಯಲ್ಲಿ ಭಾನುವಾರ ಬೆಳಿಗ್ಗೆ ತಾಲೀಮು. ಹುಬ್ಬಿನ ನಡುವಿನ ಗಂಟು ಸಡಿಲಾಗಿ ಶೇಖಮ್ಮನ ಮುಖ ಹಗುರವಾಗಿ ಕಾಣುತ್ತಿತ್ತು. ಹಣೆಯ ಮೂರು ಗೆರೆ ಇದ್ದಲ್ಲೇ ಇದ್ದವು. ಮನೆ ಬಿಟ್ಟು ಹೋಗುವ ಮಗನನ್ನು ತಾಯಿ ತಡೆಯದೆ ಬಾಗಿಲು ತೆರೆದು ನಿಲ್ಲುವ ದೃಶ್ಯ. ಅವಳು ಹಣೆ ಎತ್ತಿ ನಿಂತಳು. ಹನುಮಂತರಾಯನ ಬೆರಳು ಪೇಟಿಯ ಮೇಲೆ ನಿಂತಲ್ಲೇ ನಿಂತಿತು. ಮಗನ ಪಾತ್ರದ ಹುಡುಗ ತನ್ನ ಮಾತು ಮರೆತು ನಿಜವಾಗಿಯೇ ಅತ್ತುಬಿಟ್ಟ.

ಮಾಸ್ತರ ಎದ್ದು ಬಂದ. "ತಪ್ಪಾತು ಶೇಖಮ್ಮ. ನಾಯಕಿ ಪಾತ್ರ ನೀವ ಮಾಡ್ರಿ."

ಶೇಖಮ್ಮ ರೇಣುಕಾದೇವಿಯ ಕಡೆ ನೋಡಿದಳು. ಅವಳು ಕಂಬದ ಮರೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದಳು.

"ನಾಯಕಿ ಆಕೀನ ಇರ್ಲಿ. ತಾಯಿ ಪಾತ್ರ ನನಗ ಇರ್ಲಿ. ಆದ್ರ ತಾಯಿಗೆ ಇರೋದು ಒಂದ ಹಾಡು, ಅದು ನನಗ ಸಾಲಂಗಿಲ್ಲ ಮಾಸ್ತರ. ಇನ್ನೆರಡು ಬರೀರಿ."

ಮಾಸ್ತರ ಬರೆದ. ಈಗ ತಾಯಿ ಪಾತ್ರಕ್ಕೆ ಶೇಖಮ್ಮನೇ ಬೇಕೆಂದು ಮೂರು ಊರಿನವರು ಎಲೆ ಅಡಿಕೆ ಹಿಡಿದು ಬಂದಿದ್ದಾರೆ.

ದುರುಗೇಶ ತನ್ನ ಪೆಟ್ಟಿಗೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ತುಟಿ ಕುಂಚ ಇಟ್ಟಿದ್ದಾನೆ, ಹೆಸರು ಬರೆದು. ಯಾರಾದರೂ ಸೂಜಿಯ ಮಾತೆತ್ತಿದರೆ, "ನಂದು ಚರ್ಮದ ಮ್ಯಾಲಿನ ಕೆಲಸ. ಒಳಗಿನದಕ್ಕ ಡಾಕ್ಟರ್ ಹತ್ರ ಹೋಗ್ರಿ. ಹೋಗೋಕ ಮೊದಲು ಶೇಖಕ್ಕನ ಹತ್ರ ನಾಕು ಮಾತು ಕಲ್ತು ಹೋಗ್ರಿ" ಎನ್ನುತ್ತಾನೆ.

ಮಹಿಳಾ ಸಂಘದ ಸಭೆಯಲ್ಲಿ ಕೂತು ಇದನ್ನು ಕೇಳುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವ ಅಣ್ಣಂದಿರೇ, ಚಂದ ಕಾಣುವ ಆಸೆಗೆ ನಾಚಬೇಡಿ, ಯಾರನ್ನೂ ಆಡಿಕೊಳ್ಳಲೂ ಬೇಡಿ. ಆದರೆ ಪಾರ್ಲರಿನಲ್ಲಾಗಲಿ, ಲಾಡ್ಜಿನ ಕೋಣೆಯಲ್ಲಾಗಲಿ, ಪ್ರೀತಿಯ ಬಂಧುವಿನ ಮನೆಯಲ್ಲೇ ಆಗಲಿ, ಡಾಕ್ಟರಲ್ಲದವರ ಸೂಜಿಗೆ ಮುಖ ಒಡ್ಡಬೇಡಿ. ಸೀಸೆಯನ್ನು ಪಾಲು ಹಾಕಿಕೊಳ್ಳಬೇಡಿ. ಬಸುರಿಯಾಗಿದ್ದರೆ, ಹಾಲು ಕುಡಿಸುತ್ತಿದ್ದರೆ, ಗುಳಿಗೆ ನುಂಗುತ್ತಿದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ. ನಿಮ್ಮ ಪ್ರಶ್ನೆಗೆ ಸಿಡುಕುವ ಜಾಗದಿಂದ ಎದ್ದು ಬನ್ನಿ. ಶೇಖಮ್ಮನ ನಾಲ್ಕು ಮಾತು ನೆನಪಿವೆಯೇ? ಹಾಕುವವರು ಯಾರು, ಸೀಸೆ ಯಾವುದು, ಸೂಜಿಯೂ ಸೀಸೆಯೂ ನನಗೊಬ್ಬಳಿಗೇ ಹೊಸದಾಗಿ ಒಡೆದವೇ, ಹೆಚ್ಚು ಕಮ್ಮಿಯಾದರೆ ಇಲ್ಲಿ ಏನಿದೆ. ಈಗ ಪಕ್ಕದಲ್ಲಿ ಕೂತವರ ಕಡೆ ತಿರುಗಿ ಒಮ್ಮೆ ಹೇಳಿ. ಅವರು ನಿಮಗೆ ತಿರುಗಿ ಹೇಳಲಿ. ಎರಡು ಸಲ ಕಿವಿಗೆ ಬಿದ್ದರೆ ನಿಮಗೂ ಬಾಯಿಪಾಠವಾಗುತ್ತದೆ.